ಹೆಸರಿರುವ ಮುಖಗಳು: ಬೊಮ್ಮನಹಾಳಿನವರು ಕಂಡ ಬಳ್ಳಾರಿ

ನಮ್ಮ ಊರು ಬೊಮ್ಮನಹಾಳ್. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಒಂದು ಮಂಡಲ ಕೇಂದ್ರ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ರಾಯದುರ್ಗ ತಾಲೂಕು. ಬಂಟ್ವಾಳದ ಕಡೆಯ ನೆಂಟರ ಮನೆಯ ಮದುವೆಗೆ ಹೋದಾಗಲೆಲ್ಲ ಯಾರಾದರೊಬ್ಬರು ‘ಅಲ್ಲಿ ತೆಲುಗು ಅಲ್ವಾ? ನಿನಗೆ ಕನ್ನಡ ಬರೆಯಲು ಹೇಗೆ ಬಂತು?’ ಎಂದು ಕೇಳಿಯೇ ಕೇಳುತ್ತಾರೆ. ನನ್ನ ಬಾಪ ಅಲ್ಲಿಂದ ಹೋಗಿ ಬೊಮ್ಮನಹಾಳಿನಲ್ಲಿ ಕಿರಾಣಿ ಅಂಗಡಿ ಇಟ್ಟವರು. ಅಂಗಡಿಯ ಉದ್ರಿ ಪುಸ್ತಕ ಕನ್ನಡದಲ್ಲಿ, ಗಿರಾಕಿಗಳ ಜೊತೆ ಮಾತು ಕನ್ನಡ ತೆಲುಗು ಎರಡರಲ್ಲೂ, ಮನೆಯೊಳಗೆ ಬ್ಯಾರಿ. ನಮ್ಮ ಕಡೆ ಇದು ಯಾರಿಗೂ ವಿಚಿತ್ರವಲ್ಲ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದು ಬಳ್ಳಾರಿಯಲ್ಲಿ. ಬಳ್ಳಾರಿ ಎಂದರೆ ಕರಾವಳಿಯವರಿಗೆ ನೆನಪಾಗುವುದು ಗಣಿ, ಕೆಂಪು ಧೂಳು, ಬಿಸಿಲು, ಜೈಲು. ನಮಗೆ ಅದು ಓದಲು ಹೋಗುವ ಊರು. ತಲೆಮಾರುಗಳಿಂದ ನಮ್ಮ ಸುತ್ತಿನ ಹಳ್ಳಿಗಳ ಹುಡುಗರು, ಆಮೇಲೆ ಹುಡುಗಿಯರು, ಅಲ್ಲಿ ಕೋಣೆ ಹಿಡಿದು, ಮಂಡಕ್ಕಿ ತಿಂದು, ನಾಟಕ ಸಿನಿಮಾ ನೋಡಿ, ಕೊನೆಯ ವರ್ಷ ಒಂದು ಗ್ರೂಪ್ ಫೋಟೊ ತೆಗೆಸಿಕೊಂಡು ವಾಪಸ್ ಬಂದಿದ್ದಾರೆ. ಆ ಊರಿನ ಕೋಟೆಯ ಚರಿತ್ರೆ, ಗಣಿಯ ಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನಿಲ್ಲಿ ಬರೆಯಹೊರಟಿರುವುದು ಈ ಓದುವ ಮಕ್ಕಳ ಊಟ, ಆಟ ಮತ್ತು ಫೋಟೊದ ಚರಿತ್ರೆ.

ಒಂದೇ ಮದ್ರಾಸು, ಎರಡು ಗೆರೆ

ಮೊದಲು ನಮಗೂ ನಿಮಗೂ ಇರುವ ಒಂದು ಹಳೆಯ ನಂಟು ಹೇಳುತ್ತೇನೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಪ್ರಾಂತ್ಯ ಇಂಗ್ಲಿಷರ ಕೈಸೇರಿತು. ಅಲ್ಲಿಗೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಮಳೆ, ಜವಾಬ್ದಾರಿ, ಕಾಗದಪತ್ರಗಳ ರಾಶಿ ಎಲ್ಲದರಿಂದ ಬೇಸತ್ತು ವರ್ಗಾವಣೆ ಕೇಳಿಕೊಂಡ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಅದೇ ಮನ್ರೋ ಅಲ್ಲಿಗೆ ಬಂದು 1807ರವರೆಗೆ ಇದ್ದ. ನಿಜಾಮ ಬಿಟ್ಟುಕೊಟ್ಟ ಸೀಮೆಯಾದ್ದರಿಂದ ಅದಕ್ಕೆ ‘ದತ್ತ ಮಂಡಲ’ ಎಂಬ ಹೆಸರಾಯಿತು. ಹೀಗೆ ದಕ್ಷಿಣ ಕನ್ನಡವೂ ಬಳ್ಳಾರಿಯೂ ಒಂದೂವರೆ ಶತಮಾನ ಮದ್ರಾಸಿನ ಕೆಳಗೆ ಒಂದೇ ಕಾನೂನು, ಒಂದೇ ಕಂದಾಯ ಪದ್ಧತಿ, ಒಂದೇ ಪರೀಕ್ಷೆಗಳನ್ನು ಕಂಡವು.

1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. ಮಡಕಶಿರಾ ಅತ್ತ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ಅಂದರೆ ನಮ್ಮ ಬೊಮ್ಮನಹಾಳಿನವರಿಗೆ ಕೋರ್ಟು, ಕಚೇರಿ, ಆಸ್ಪತ್ರೆ, ಸಂತೆ ಎಲ್ಲವೂ ಬಳ್ಳಾರಿಯೇ. 1921ರಲ್ಲಿ ಕಾಂಗ್ರೆಸ್ಸಿನ ಕರ್ನಾಟಕ ಮತ್ತು ಆಂಧ್ರ ಪ್ರಾಂತೀಯ ಸಮಿತಿಗಳ ನಡುವೆ ಬಳ್ಳಾರಿಯ ಜಗಳ ಬಂದಾಗ ಎನ್. ಸಿ. ಕೇಳ್ಕರ್ ಪಂಚಾಯಿತಿ ಮಾಡಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೂ ಉಳಿದವನ್ನು ಕರ್ನಾಟಕಕ್ಕೂ ಹಂಚಿದರು. ಅದು ಪಕ್ಷದೊಳಗಿನ ಗೆರೆ. ಆದರೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದೇ ಗೆರೆ ರಾಜ್ಯಗಳ ಗೆರೆಯಾಯಿತು. ಬಳ್ಳಾರಿ ತಾಲೂಕಿನ ಬಗ್ಗೆ ಮಾತ್ರ ತಕರಾರು ಮುಗಿಯದೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರಿಗೆ ಒಪ್ಪಿಸಬೇಕಾಯಿತು. ಅವರ ವರದಿಯ ನಂತರ ಅದು ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮದ ಪೆಂಡಾಲನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು. ಏಕೀಕರಣಕ್ಕಾಗಿ ಪ್ರಾಣ ಕೊಟ್ಟವರು ಎಂದು ಬಳ್ಳಾರಿಯವರು ಇವತ್ತಿಗೂ ಅವರನ್ನು ನೆನೆಯುತ್ತಾರೆ.

ಮೂರು ವರ್ಷದ ಮೇಲೆ, 1956ರ ನವೆಂಬರ್ 1ರಂದು, ನಿಮ್ಮ ಕಡೆಯೂ ಇದೇ ಆಯಿತು. ದಕ್ಷಿಣ ಕನ್ನಡ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ. ಮಂಜೇಶ್ವರದವರಿಗೆ ಮಂಗಳೂರು ಏನೋ, ಬೊಮ್ಮನಹಾಳಿನವರಿಗೆ ಬಳ್ಳಾರಿ ಅದು. ಊರು ಒಂದು ರಾಜ್ಯದಲ್ಲಿ, ಊರಿನ ಪೇಟೆ ಇನ್ನೊಂದು ರಾಜ್ಯದಲ್ಲಿ. ಮಂಜೇಶ್ವರದ ಓದುಗರಿಗೆ ಈ ಲೇಖನದ ಅರ್ಧ ಭಾಗವನ್ನು ವಿವರಿಸುವ ಅಗತ್ಯವೇ ಇಲ್ಲ.

ಕಾಲೇಜು ಬಂದ ಬಗೆ

ದತ್ತ ಮಂಡಲಕ್ಕೆ ದೊಡ್ಡ ಸರ್ಕಾರಿ ಕಾಲೇಜು ಬಂದದ್ದು 1916ರಲ್ಲಿ, ಅದೂ ಅನಂತಪುರಕ್ಕೆ. ಅದರ ಮೊದಲ ಹೆಸರೇ ‘ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜ್’. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ವಾರ್ಡ್‌ಲಾ ಶಾಲೆ 1846ರಿಂದಲೇ ಇತ್ತು. ಆದರೂ ಬಳ್ಳಾರಿ ನಿಜವಾಗಿ ಕಾಲೇಜು ಪಟ್ಟಣವಾದದ್ದು 1945ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ವೀರಶೈವ ಕಾಲೇಜನ್ನು ಆರಂಭಿಸಿದ ಮೇಲೆ. 1961ರಲ್ಲಿ ವೈದ್ಯಕೀಯ ಕಾಲೇಜು, 1980ರಲ್ಲಿ ಇಂಜಿನಿಯರಿಂಗ್ ಕಾಲೇಜು, 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ.

ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾಲೇಜು ಬಂದದ್ದು 1945, ಗೆರೆ ಬಿದ್ದದ್ದು 1953. ಎಂಟೇ ವರ್ಷ. ಬಳ್ಳಾರಿಯಲ್ಲಿ ಓದುವ ಅಭ್ಯಾಸ ನಮ್ಮವರಿಗೆ ಆಗುತ್ತಿದ್ದಂತೆಯೇ ಬಳ್ಳಾರಿ ಬೇರೆ ರಾಜ್ಯವಾಯಿತು. ಆದರೂ ಅಭ್ಯಾಸ ಬಿಡಲಿಲ್ಲ. ಹೊಸ ಜಿಲ್ಲಾ ಕೇಂದ್ರ ಅನಂತಪುರ ದೂರ, ಬಳ್ಳಾರಿ ಹತ್ತಿರ. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಕಲಿತವರಿಗೆ ಮುಂದಿನ ಓದು ಕನ್ನಡದ ಊರಲ್ಲಿ ಸಲೀಸು. ಕರ್ನಾಟಕ ಸರ್ಕಾರ ವೃತ್ತಿಶಿಕ್ಷಣದ ಸೀಟುಗಳಿಗೆ ‘ಗಡಿನಾಡು ಕನ್ನಡಿಗ’ ಎಂಬ ಅವಕಾಶವನ್ನೂ ಇಟ್ಟಿದೆ. ಆ ತಾಲೂಕುಗಳ ಪಟ್ಟಿಯಲ್ಲಿ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಇವೆ. ಅದೇ ಪಟ್ಟಿಯಲ್ಲಿ ಕಾಸರಗೋಡು, ಮಂಜೇಶ್ವರವೂ ಇವೆ. ಅರ್ಜಿ ನಮೂನೆಯೊಂದರಲ್ಲಿ ನಾವು ನೀವು ಇನ್ನೂ ನೆರೆಹೊರೆ.

ಫೀಸಿನ ದುಡ್ಡು ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಹೇಳಬೇಕು. 1953ರಲ್ಲೇ ತುಂಗಭದ್ರಾ ಅಣೆಕಟ್ಟು ಮುಗಿದಿತ್ತು. ಅದರ ಮೇಲ್ಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆಯನ್ನು ಹಾದು ನಮ್ಮ ಬೊಮ್ಮನಹಾಳ್ ಕಡೆಯಿಂದ ಆಂಧ್ರಕ್ಕೆ ಇಳಿಯುತ್ತದೆ. ನಾವು ಅದನ್ನು ‘ಎಚ್‌ಎಲ್‌ಸಿ’ ಎಂದೇ ಕರೆಯುವುದು. ಕಾಲುವೆ ನೀರು ಸಿಕ್ಕ ಕಡೆ ಭತ್ತ, ಮೆಣಸಿನಕಾಯಿ. ಸಿಗದ ಕಡೆ ಮಳೆ ನಂಬಿದ ಶೇಂಗಾ. ಇನ್ನೊಂದು ಬದಿಯಲ್ಲಿ ಹಗರಿ ನದಿ, ಅಂದರೆ ವೇದಾವತಿ. ನೀರಿಗಿಂತ ಹೆಚ್ಚಾಗಿ ಅದರಲ್ಲಿರುವುದು ಮರಳು. ದರ್ಗಾ ಹೊನ್ನೂರಿನ ಹತ್ತಿರ ಗಾಳಿಗೆ ಹಾರಿ ಬಂದ ಹಗರಿಯ ಮರಳು ಹೊಲಗಳ ಮೇಲೆ ದಿಬ್ಬವಾಗಿ ನಿಂತಿದೆ. ನೋಡಿದವರು ರಾಜಸ್ಥಾನ ಎನ್ನುತ್ತಾರೆ. ಕಾಲುವೆಯ ಕಡೆಯ ಮನೆಯ ಹುಡುಗ ಮೆಣಸಿನಕಾಯಿ ಮಾರಿದ ದುಡ್ಡಲ್ಲಿ ಬಳ್ಳಾರಿಗೆ ಹೋದ. ಮರಳಿನ ಕಡೆಯ ಮನೆಯ ಹುಡುಗ ಕೂಲಿಗೆ ಹೋದ. ಬಾಪನ ಉದ್ರಿ ಪುಸ್ತಕದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತಿತ್ತು: ಜೂನ್ ತಿಂಗಳ ಸಾಲದಲ್ಲಿ ಬೀಜ, ಗೊಬ್ಬರದ ಮಾತಿನ ಜೊತೆಗೆ ‘ಕಾಲೇಜಿಗೆ’ ಎಂಬ ಮಾತು ಬರುವ ಮನೆಗಳು ಬಹುತೇಕ ಕಾಲುವೆಯ ಕಡೆಯವು.

ಮಂಡಕ್ಕಿ, ಬುತ್ತಿ, ಸ್ಟವ್

ಬಳ್ಳಾರಿಯ ಬೆಳಗಿನ ತಿಂಡಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಅದಕ್ಕೆ ‘ಮಿರ್ಚಿ’ ಎಂದಷ್ಟೇ ಹೇಳುತ್ತಾರೆ. ಗಡಿಯ ಈಚೆ ರಾಯದುರ್ಗದ ಹೋಟೆಲಿನಲ್ಲಿ ಕೂತರೆ ಅದೇ ತಿಂಡಿ ‘ಉಗ್ಗಾನಿ ಬಜ್ಜಿ’. ಮಂಡಕ್ಕಿಗೆ ತೆಲುಗಿನವರು ಬೊರುಗುಲು ಎನ್ನುತ್ತಾರೆ. ದಾವಣಗೆರೆಯ ಕಡೆ ಹೋದರೆ ‘ಸೂಸ್ಲ’ ಎಂಬ ಹೆಸರೂ ಇದೆ. ಆಂಧ್ರದವರು ಉಗ್ಗಾನಿ ನಮ್ಮ ರಾಯಲಸೀಮೆಯದ್ದು ಎನ್ನುತ್ತಾರೆ, ಬಳ್ಳಾರಿಯವರು ಒಗ್ಗರಣೆ ನಮ್ಮದು ಎನ್ನುತ್ತಾರೆ. ತಿನ್ನುವವನಿಗೆ ಎರಡೂ ಒಂದೇ ಬಾಣಲೆ.

ಕರಾವಳಿಯವರಿಗೆ ಮಂಡಕ್ಕಿ ಎಂದರೆ ಸಂಜೆಯ ಚರ್ಮುರಿ, ಕರುಕುರು ಎನ್ನಬೇಕು. ಇಲ್ಲಿ ಹಾಗಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಒಮ್ಮೆ ಅದ್ದಿ, ತಕ್ಷಣ ಎರಡು ಕೈಯಲ್ಲಿ ಹಿಂಡಿ ತೆಗೆಯುತ್ತಾರೆ. ಈರುಳ್ಳಿ, ಹಸಿಮೆಣಸು, ಕರಿಬೇವು, ಅರಿಸಿನದ ಒಗ್ಗರಣೆಗೆ ಅದನ್ನು ಹಾಕಿ ಕೈಯಾಡಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಆಯಿತು. ಹಿಂಡುವ ಹದ ತಪ್ಪಿದರೆ ಮುದ್ದೆಯಾಗುತ್ತದೆ.

ವಿದ್ಯಾರ್ಥಿಗಳ ಊರಿಗೆ ಮಂಡಕ್ಕಿ ಏಕೆ ಒಗ್ಗಿತು ಎಂಬುದಕ್ಕೆ ನನ್ನ ಡಿಪ್ಲೊಮಾ ಬುದ್ಧಿ ಒಂದು ಕಾರಣ ಕೊಡುತ್ತದೆ. ಮಂಡಕ್ಕಿಯನ್ನು ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಮರಳು ಅಕ್ಕಿಯ ಪ್ರತಿ ಕಾಳನ್ನೂ ಸುತ್ತುವರಿದು ಒಂದೇ ಸಮನೆ ಶಾಖ ಕೊಡುತ್ತದೆ. ಒಳಗಿನ ತೇವ ಹಬೆಯಾಗಿ ಕಾಳು ಉಬ್ಬುತ್ತದೆ. ಅಂದರೆ ಬೇಯಿಸುವ ಕೆಲಸವೆಲ್ಲ ಭಟ್ಟಿಯಲ್ಲೇ ಮುಗಿದಿರುತ್ತದೆ. ಹೋಟೆಲಿನವನಿಗಾಗಲಿ ಕೋಣೆಯ ಹುಡುಗನಿಗಾಗಲಿ ಉಳಿಯುವುದು ಐದು ನಿಮಿಷದ ಒಗ್ಗರಣೆ. ಸೌದೆ, ಸೀಮೆಎಣ್ಣೆ ದುಬಾರಿಯಾದ ಊರಲ್ಲಿ ಇದು ಸಣ್ಣ ಉಳಿತಾಯವಲ್ಲ.

ಸೀಮೆಎಣ್ಣೆ ಎಂದೆ. ಕೋಣೆ ಹಿಡಿದು ಓದಿದವರ ನೆನಪಿನಲ್ಲಿ ಸ್ಟವ್ ಒಂದು ಮುಖ್ಯ ಪಾತ್ರಧಾರಿ. ಮೊದಲು ಪಂಪ್ ಹೊಡೆಯುವ ಹಿತ್ತಾಳೆ ಸ್ಟವ್. ಗಾಳಿಯ ಒತ್ತಡದಲ್ಲಿ ಎಣ್ಣೆ ಆವಿಯಾಗಿ ಉರಿಯುವುದು, ಭೋರ್ ಎಂದು ಸದ್ದು. 1970ರ ದಶಕದಲ್ಲಿ ಇಂಡಿಯನ್ ಆಯಿಲ್‌ನವರು ತಂದ ‘ನೂತನ್’ ಬತ್ತಿ ಸ್ಟವ್ ಸದ್ದಿಲ್ಲದ್ದು, ಎಣ್ಣೆಯೂ ಕಡಿಮೆ ಸಾಕು. ಆ ಕಾಲದಲ್ಲಿ ಓದಿದ ನಮ್ಮೂರಿನ ಹಿರಿಯರೊಬ್ಬರು ಅಂಗಡಿಯಲ್ಲಿ ಹೇಳುತ್ತಿದ್ದರು: ‘ನೂತನ್ ಬಂದ್ ಮ್ಯಾಲೆ ರಾತ್ರಿ ಹನ್ನೆರಡಕ್ಕೂ ಚಾ ಮಾಡಬೋದಾತು, ಮನಿ ಮಾಲಕಗ ಗೊತ್ತಾಗ್ತಿದ್ದಿಲ್ಲ.’

ಇನ್ನು ಬುತ್ತಿ. ಧಾರವಾಡದಲ್ಲಿ ಹೇಗೋ ಬಳ್ಳಾರಿಯಲ್ಲೂ ಹಾಗೆ. ಹಳ್ಳಿಯ ತಾಯಂದಿರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಹಾಕುವುದು, ಮಗ ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವುದು. ನಮ್ಮ ಕಡೆಯಿಂದ ಹೊರಟ ಬುತ್ತಿ ರಾಜ್ಯದ ಗಡಿ ದಾಟಬೇಕು. ಚೆಕ್‌ಪೋಸ್ಟಿನಲ್ಲಿ ಅಕ್ಕಿ ಮೂಟೆಗೆ ಲೆಕ್ಕ ಕೇಳುತ್ತಿದ್ದರು, ಬುತ್ತಿಯನ್ನು ಕೇಳಿದವರಿಲ್ಲ. ಬಿಸಿ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿದರೆ ನೀರಿನಂಶ ಹೋಗಿ ವಾರಗಟ್ಟಲೆ ಕೆಡುವುದಿಲ್ಲ. ನನಗೆ ಉಮ್ಮ ಕಟ್ಟಿ ಕಳಿಸುತ್ತಿದ್ದ ಅಕ್ಕಿರೊಟ್ಟಿ ಮಾತ್ರ ಮರುದಿನ ಮುರಿಯಲಾಗದ ಹಲಗೆ. ಕೋಣೆಯ ಗೆಳೆಯರ ಜೋಳದ ರೊಟ್ಟಿಯೇ ನನ್ನ ರಾತ್ರಿ ಊಟ. ಕರಾವಳಿಯ ರೊಟ್ಟಿ ಕರಾವಳಿಯ ಹವೆಗೆ, ಬಯಲುಸೀಮೆಯ ರೊಟ್ಟಿ ಬಯಲುಸೀಮೆಗೆ ಎಂಬುದನ್ನು ನಾನು ಕಲಿತದ್ದು ಹೀಗೆ.

ವಕೀಲರ ಊರಿನ ನಾಟಕ

ಬಳ್ಳಾರಿಯ ರಂಗಭೂಮಿಯನ್ನು ಕಟ್ಟಿದವರಲ್ಲಿ ಹಲವರು ವಕೀಲರು. ಕೋರ್ಟಿನಲ್ಲಿ ಮಾತಾಡಿ ಬಂದು ಸಂಜೆ ಬಣ್ಣ ಹಚ್ಚುತ್ತಿದ್ದರು. ಧರ್ಮವರಂ ರಾಮಕೃಷ್ಣಮಾಚಾರ್ಯರು 1886ರಲ್ಲಿ ಸರಸ ವಿನೋದಿನಿ ಸಭಾ ಆರಂಭಿಸಿದರು. ಅದಕ್ಕೆ ಎದುರಾಳಿಯಾಗಿ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ. ಧರ್ಮವರಂ ಅವರ ಸೋದರಳಿಯ ತಾಡಪತ್ರಿ ರಾಘವಾಚಾರ್ಯರೇ ಮುಂದೆ ಬಳ್ಳಾರಿ ರಾಘವ ಎಂದು ಹೆಸರಾದವರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಅವರೂ ವಕೀಲರೇ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದರು. ವಿಜಯನಗರದ ಪತನವನ್ನು ಕುರಿತ ಕೋಲಾಚಲಂ ಅವರ ನಾಟಕದಲ್ಲಿ ಪಠಾಣ್ ರುಸ್ತುಂ ಅವರ ಹೆಸರಾಂತ ಪಾತ್ರ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಅವರು ಹಟ ಹಿಡಿದ ಕಾಲದಲ್ಲಿ ಅದು ದೊಡ್ಡ ಮಾತು.

ಕರ್ನಾಟಕದವರು ರಾಘವರನ್ನು ಬಳ್ಳಾರಿಯವರು ಎನ್ನುತ್ತಾರೆ, ಆಂಧ್ರದವರು ತಾಡಪತ್ರಿಯವರು ಎನ್ನುತ್ತಾರೆ. ಎರಡೂ ನಿಜ. ಅವರು ತೀರಿಕೊಂಡಾಗ ಗೆರೆಯೇ ಇರಲಿಲ್ಲ. ರಾಘವರ ನೆನಪನ್ನು ಕನ್ನಡದಲ್ಲಿ ಉಳಿಸಿದವರಲ್ಲಿ ಜೋಳದರಾಶಿ ದೊಡ್ಡನಗೌಡರು ಮುಖ್ಯರು. ಒಕ್ಕಲುತನದ ಮನೆಯಿಂದ ಬಂದು ಗಮಕಿ, ನಟ, ನಾಟಕಕಾರ ಆದವರು. ಇವತ್ತು ಬಳ್ಳಾರಿಯಲ್ಲಿ ರಾಘವ ಕಲಾಮಂದಿರವೂ ಇದೆ, ಜೋಳದರಾಶಿಯವರ ಹೆಸರಿನ ರಂಗಮಂದಿರವೂ ಇದೆ. ಆಮೇಲಿನ ತಲೆಮಾರಿನಲ್ಲಿ ವೃತ್ತಿ ರಂಗಭೂಮಿಯ ಸುಭದ್ರಮ್ಮ ಮನ್ಸೂರು, ತೊಗಲುಗೊಂಬೆಯಾಟದಲ್ಲಿ ಗಾಂಧೀಜಿಯ ಕಥೆಯನ್ನು ಆಡಿಸಿದ ಬೆಳಗಲ್ಲು ವೀರಣ್ಣ. ವೀರಣ್ಣನವರು 2023ರಲ್ಲಿ ತೀರಿಕೊಂಡರು.

ನಮ್ಮ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಬಯಲಾಟ. ನಿಮ್ಮ ಯಕ್ಷಗಾನದ ಹಾಗೆ ರಾತ್ರಿಯಿಡೀ. ಮಾತು ಕನ್ನಡ, ನೋಡುವವರಲ್ಲಿ ತೆಲುಗಿನವರೂ ಇರುತ್ತಾರೆ. ಬಳ್ಳಾರಿಯಲ್ಲಿ ಓದುವ ಹುಡುಗರು ರಜೆಗೆ ಬಂದಾಗ ಇದೇ ಆಟಕ್ಕೆ ಸೇರಿಕೊಂಡು ಊರಿನ ಸಾಮಾಜಿಕ ನಾಟಕ ಆಡಿಸುತ್ತಿದ್ದರು. ಡ್ರೆಸ್ಸು, ಪರದೆ, ಲೈಟು ಬಾಡಿಗೆಗೆ ಬರುತ್ತಿದ್ದುದು ಬಳ್ಳಾರಿಯಿಂದ. ನಾಟಕ ಮುಗಿದ ಮೇಲೆ ಅದೇ ವೇಷದಲ್ಲಿ ಒಂದು ಫೋಟೊ. ನಮ್ಮೂರಿನ ಎಷ್ಟೋ ಮನೆಯ ಗೋಡೆಯಲ್ಲಿ ಅಜ್ಜನ ಒಂದೇ ಒಂದು ಫೋಟೊ ಇದ್ದರೆ ಅದು ಕಿರೀಟ ಹಾಕಿಕೊಂಡ ಫೋಟೊ.

ಕಲ್ಲು, ಹಸಿವು, ಆಮೇಲೆ ಹೆಸರು

ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಫೋಟೊ ವಿಷಯ ಈಗ ಬಂತು.

ಈ ಸೀಮೆಯ ತೀರ ಹಳೆಯ ಫೋಟೊಗಳಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯಲ್ಲಿ ತೆಗೆದವು ಪ್ರಸಿದ್ಧ. ಆಗ ಫಿಲ್ಮ್ ಇಲ್ಲ; ಮೇಣ ಹಚ್ಚಿದ ಕಾಗದವೇ ನೆಗೆಟಿವ್. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದು ಹೋಲಿಸಿ ತೋರಿಸಿದರು. ಅಂಥ ಕಾಗದಕ್ಕೆ ಬೆಳಕು ಸಾಕಾಗಲು ನಿಮಿಷಗಟ್ಟಲೆ ಬೇಕು. ಅಲುಗಾಡದ ಕಲ್ಲು ಉಳಿಯುತ್ತದೆ, ನಡೆದುಹೋದ ಮನುಷ್ಯ ಉಳಿಯುವುದಿಲ್ಲ.

ಆಮೇಲೆ 1876–78ರ ಬರ. ನಮ್ಮ ಹಿರಿಯರ ಬಾಯಲ್ಲಿ ಧಾತು ಈಶ್ವರ ಬರಗಾಲ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಬರದ ಜನರನ್ನು ವಿಲ್ಲೋಬಿ ವ್ಯಾಲೇಸ್ ಹೂಪರ್ ಎಂಬ ಸೈನ್ಯಾಧಿಕಾರಿ ಫೋಟೊ ತೆಗೆದ. ಎಲುಬಿನ ಗೂಡಾದ ಗಂಡಸರು, ಹೆಂಗಸರು, ಮಕ್ಕಳನ್ನು ಸಾಲಾಗಿ ಕೂರಿಸಿ ತೆಗೆದ ಚಿತ್ರಗಳು ಅವು. ಈಗ ಮನುಷ್ಯರು ಬಂದರು, ಆದರೆ ಹೆಸರು ಇಲ್ಲ. ಯಾವ ಊರು, ಯಾರ ಮಗ, ಬದುಕಿದರೋ ಇಲ್ಲವೋ ಗೊತ್ತಿಲ್ಲ. ತೆಗೆದವನ ಹೆಸರು ಮಾತ್ರ ಉಳಿದಿದೆ.

ಮೊದಲು ಜನರಿಲ್ಲದ ಕಲ್ಲು, ನಂತರ ಹೆಸರಿಲ್ಲದ ಜನ. ನಮ್ಮಂಥ ಹಳ್ಳಿಯ ಸಾಮಾನ್ಯರ ಮುಖ ಮತ್ತು ಹೆಸರು ಒಂದೇ ಕಾಗದದ ಮೇಲೆ ಬಂದದ್ದು ಹೆಚ್ಚಾಗಿ ಕಾಲೇಜಿನ ಗ್ರೂಪ್ ಫೋಟೊದಲ್ಲಿ. ಮರದ ದೊಡ್ಡ ಕ್ಯಾಮೆರಾ, ಮೂರು ಕಾಲು, ಕರಿ ಬಟ್ಟೆ. ಮುಂದೆ ಕುರ್ಚಿಯಲ್ಲಿ ಪ್ರಿನ್ಸಿಪಾಲರು ಮತ್ತು ಮೇಷ್ಟ್ರುಗಳು, ಹಿಂದೆ ಬೆಂಚಿನ ಮೇಲೆ ಹುಡುಗರು. ದಪ್ಪ ರಟ್ಟಿಗೆ ಅಂಟಿಸಿ ಕೆಳಗೆ ‘ಕುಳಿತವರು, ಎಡದಿಂದ ಬಲಕ್ಕೆ’, ‘ನಿಂತವರು, ಮೊದಲ ಸಾಲು’. ಹಳೆಯವುಗಳಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ, ಆಮೇಲಿನವುಗಳಲ್ಲಿ ಕನ್ನಡದಲ್ಲಿ.

ಆ ಹೆಸರುಗಳನ್ನು ನಿಧಾನವಾಗಿ ಓದಬೇಕು. ಕನ್ನಡದವರ ಇನಿಶಿಯಲ್‌ನಲ್ಲಿ ಮೊದಲು ಊರು, ಆಮೇಲೆ ಅಪ್ಪನ ಹೆಸರು. ತೆಲುಗಿನವರ ಇನಿಶಿಯಲ್ ಮನೆತನದ ಹೆಸರು, ಅವರು ಹೇಳುವ ‘ಇಂಟಿಪೇರು’. ಹೀಗಾಗಿ ‘ಬಿ.’ ಎಂದಿದ್ದರೆ ಅದು ಬಳ್ಳಾರಿಯೋ, ಬೊಮ್ಮನಹಾಳೋ, ಯಾವುದೋ ಮನೆತನವೋ ತಿಳಿಯಲು ಊರವರನ್ನೇ ಕೇಳಬೇಕು. ನಮ್ಮ ಬ್ಯಾರಿಗಳ ಹೆಸರಿನ ಮುಂದೆಯೂ ಊರಿನ ಅಕ್ಷರ ಇರುವುದು ಇದೇ ಮದ್ರಾಸು ಕಾಲದ ರೂಢಿ. ಒಂದು ಅಕ್ಷರದೊಳಗೆ ಊರನ್ನು ಇಟ್ಟುಕೊಂಡು ಆ ಹುಡುಗರು ಫೋಟೊದಲ್ಲಿ ನಿಂತಿದ್ದಾರೆ. ಅಂಥ ಸಾಲಿನಲ್ಲಿ ಆಂಧ್ರದವನು ಯಾರು, ಕರ್ನಾಟಕದವನು ಯಾರು ಎಂದು ಮುಖ ನೋಡಿ ಹೇಳಲು ಯಾರಿಂದಲೂ ಆಗದು.

ಹಳೆಯ ಫೋಟೊಗಳಲ್ಲಿ ಹುಡುಗಿಯರು ಇಲ್ಲ, ಇದ್ದರೂ ಒಬ್ಬರು ಇಬ್ಬರು, ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ಸ್ಟುಡಿಯೊಗೆ ಹೋಗುತ್ತಿದ್ದುದು ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ತೆಗೆಸಲು. ಹಿಂದೆ ನಾಟಕದ ಪರದೆಯನ್ನೇ ಹೋಲುವ ಪರದೆ: ಕಮಾನು, ತೋಟ, ಕೊಳ. ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಆ ಫೋಟೊದ ಹಿಂದೆ ಹೆಸರು ಬರೆಯುತ್ತಿರಲಿಲ್ಲ. ಸಂಬಂಧ ಕೂಡದಿದ್ದರೆ ಫೋಟೊ ವಾಪಸ್ ಬರಬೇಕಲ್ಲ. ಕಾಲೇಜಿನ ಗ್ರೂಪ್ ಫೋಟೊದಲ್ಲಿ ಹುಡುಗಿಯ ಹೆಸರು ಅಚ್ಚಾದದ್ದು ಈ ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ. ಅವಳು ಯಾರ ಮುಂದೆಯೂ ಒಪ್ಪಿಗೆಗಾಗಿ ನಿಂತಿರಲಿಲ್ಲ, ಓದಿದ್ದಕ್ಕಾಗಿ ನಿಂತಿದ್ದಳು.

ಉಳಿದದ್ದು ನಿಮಗೆ ಗೊತ್ತಿರುವುದೇ. ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾ, ಒಂದು ರೋಲಿಗೆ 12 ಫೋಟೊ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ಫಿಲ್ಮ್. ಆಮೇಲೆ ಕಲರ್ ಲ್ಯಾಬ್. 1993ರಲ್ಲಿ ಚುನಾವಣಾ ಆಯೋಗ ಮತದಾರರ ಗುರುತಿನ ಚೀಟಿಯನ್ನು ತಂದಾಗ ಶಾಲೆಯ ಮೆಟ್ಟಿಲು ಹತ್ತದವರೂ ಕ್ಯಾಮೆರಾ ಮುಂದೆ ಕೂತರು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ, ಎಲ್ಲರ ಮುಖಕ್ಕೂ ಒಂದು ಆಧಾರ್ ನಂಬರು.

ಕಿಲೋ ಲೆಕ್ಕದಲ್ಲಿ ಹೋದ ಊರು

ಹಳೆಯ ಫಿಲ್ಮಿನ ಮೇಲಿನ ಕಪ್ಪು ಎಂದರೆ ಬೆಳ್ಳಿ. ಬೆಳಕು ಬಿದ್ದ ಕಡೆ ಬೆಳ್ಳಿಯ ಸಣ್ಣ ಕಣಗಳು ಉಳಿದು ಚಿತ್ರವಾಗುತ್ತವೆ. ಬೆಳಕು ಬೀಳದ ಕಡೆಯ ಬೆಳ್ಳಿ ಲವಣ ಹೈಪೋ ದ್ರಾವಣದಲ್ಲಿ ಕರಗಿಹೋಗುತ್ತದೆ. ಆ ಹೈಪೋ ನೀರಿಗೆ ಕಬ್ಬಿಣದ ಚೂರು ಹಾಕಿದರೆ ಬೆಳ್ಳಿ ಹೊರಬಂದು ತಳದಲ್ಲಿ ಕೂರುತ್ತದೆ. ಡಿಪ್ಲೊಮಾದ ಕೆಮಿಸ್ಟ್ರಿಯಲ್ಲಿ ಕಲಿತದ್ದು ಇಷ್ಟೇ, ಆದರೆ ಇದರ ಮೇಲೆ ಒಂದು ವ್ಯಾಪಾರವೇ ನಡೆಯುತ್ತಿತ್ತು. ಹಳೆಯ ಹೈಪೋ ಲೀಟರ್ ಲೆಕ್ಕದಲ್ಲಿ, ಹಳೆಯ ನೆಗೆಟಿವ್ ಕಿಲೋ ಲೆಕ್ಕದಲ್ಲಿ ಬೆಳ್ಳಿ ತೆಗೆಯುವವರಿಗೆ ಮಾರಾಟ. ಡಿಜಿಟಲ್ ಬಂದು ಸ್ಟುಡಿಯೊಗಳು ಮುಚ್ಚಿದಾಗ ಮಾಲೀಕರ ಹತ್ತಿರ ಉಳಿದದ್ದು ನೆಗೆಟಿವ್ ತುಂಬಿದ ಪೆಟ್ಟಿಗೆಗಳು. ಬಾಡಿಗೆ ಕಟ್ಟಬೇಕು, ಮಳಿಗೆ ಖಾಲಿ ಮಾಡಬೇಕು. ನಾನು ಹಾಸ್ಟೆಲ್ ಬಿಟ್ಟು ಬಂದ ಕೆಲವು ವರ್ಷಕ್ಕೆ, ನಮ್ಮ ಕಡೆಯವರು ಹೆಚ್ಚಾಗಿ ಹೋಗುತ್ತಿದ್ದ ಒಂದು ಸ್ಟುಡಿಯೊದ ಪೆಟ್ಟಿಗೆಗಳೂ ಹಾಗೇ ತಕ್ಕಡಿ ಏರಿದವು. ಮಾಲೀಕರನ್ನು ದೂರುವಂತಿಲ್ಲ, ಇಟ್ಟುಕೊಳ್ಳಿ ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

1953ರ ನಂತರ ನಮ್ಮ ಜಮೀನಿನ ಕಾಗದಗಳು ಅನಂತಪುರಕ್ಕೆ ಹೋದವು. ಅದಕ್ಕೆ ಹಿಂದಿನ ಎಷ್ಟೋ ವಿಷಯ ಬಳ್ಳಾರಿಯ ಕಚೇರಿಗಳಲ್ಲಿ ಉಳಿಯಿತು. ಸರ್ಕಾರಿ ಕಾಗದ ಹುಡುಕಿದರೆ ಸಿಗುತ್ತದೆ, ಅರ್ಜಿ ಹಾಕಬಹುದು. ಆದರೆ ಗೆರೆ ಬಿದ್ದ ಮೇಲೂ ಎರಡು ಕಡೆಯ ಮಕ್ಕಳು ಒಂದೇ ಬೆಂಚಿನ ಮೇಲೆ ನಿಂತಿದ್ದರು, ಒಂದೇ ಒಗ್ಗರಣೆ ತಿಂದಿದ್ದರು, ಒಂದೇ ನಾಟಕಕ್ಕೆ ಬಣ್ಣ ಹಚ್ಚಿದ್ದರು ಎಂಬುದಕ್ಕೆ ಕಚೇರಿಯಲ್ಲಿ ಕಾಗದ ಇಲ್ಲ. ಅದು ಇದ್ದದ್ದು ಆ ಪೆಟ್ಟಿಗೆಗಳಲ್ಲಿ ಮತ್ತು ಈಗ ಉಳಿದಿದ್ದರೆ ಮನೆಗಳ ಟ್ರಂಕಿನಲ್ಲಿ. ‘ನೀವು ನಿಜವಾಗಿ ಕನ್ನಡದವರಾ?’ ಎಂದು ಆಚೆಯವರು, ‘ನೀವು ನಿಜವಾಗಿ ಆಂಧ್ರದವರಾ?’ ಎಂದು ಈಚೆಯವರು ಕೇಳುವ ನಮ್ಮಂಥವರಿಗೆ ಈ ಗ್ರೂಪ್ ಫೋಟೊಗಳು ಉತ್ತರ ಕೊಡುತ್ತವೆ. ಆದರೆ ಕೆಳಗೆ ಹೆಸರಿದ್ದರೆ ಮಾತ್ರ. ಹೆಸರು ಕಳೆದುಹೋದರೆ ಹೂಪರನ ಬರದ ಫೋಟೊಗೂ ನಮ್ಮ ಅಜ್ಜನ ಫೋಟೊಗೂ ವ್ಯತ್ಯಾಸ ಉಳಿಯುವುದಿಲ್ಲ.

ಹಾಗಾಗಿ ಒಂದು ಕೋರಿಕೆ, ಗಡಿನಾಡಿನವರಿಗೂ, ಕರಾವಳಿಯವರಿಗೂ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಈ ವಾರವೇ ತೆಗೆದು ಹಿರಿಯರ ಮುಂದೆ ಇಡಿ. ಯಾರು, ಯಾವ ಊರು, ಯಾವ ವರ್ಷ, ಎಲ್ಲಿ ತೆಗೆಸಿದ್ದು ಎಂದು ಕೇಳಿ. ಫೋಟೊದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ, ಬರೆಯಿರಿ. ಬಾಲ್ ಪೆನ್ ಬೇಡ, ಅದರ ಗೆರೆ ಮುಂಬದಿಗೆ ಮೂಡುತ್ತದೆ. ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿದ್ದರೆ ಎಳೆದು ಕೀಳಬೇಡಿ. ಇದ್ದ ಹಾಗೆಯೇ ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಇದ್ದರೆ ಪ್ಲಾಸ್ಟಿಕ್ ಕವರಿನಿಂದ ತೆಗೆದು ಒಂದೊಂದನ್ನು ಕಾಗದದ ಲಕೋಟೆಯಲ್ಲಿ ಇಡಿ. ವಿನೆಗರ್ ವಾಸನೆ ಬರುತ್ತಿದ್ದರೆ ಫಿಲ್ಮ್ ಹಾಳಾಗುತ್ತಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ನಮ್ಮ ಕಡೆ ಫೋಟೊಗೆ ಶತ್ರು ಬಿಸಿಲು ಮತ್ತು ಧೂಳು, ನಿಮ್ಮ ಕಡೆ ಮಳೆಗಾಲದ ಬೂಸ್ಟು. ಜೂನ್ ಬರುವ ಮುಂಚೆ ಮಾಡಿದರೆ ಒಳ್ಳೆಯದು.

ನಮ್ಮ ಅಂಗಡಿಗೆ ಬರುವ ಹಿರಿಯರನ್ನು ಕೇಳಿ ಕೇಳಿ ಇಲ್ಲಿಯವರೆಗೆ ನಾನು ಏಳು ಗ್ರೂಪ್ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿದ್ದೇನೆ. ಒಂದರ ಕೆಳಗಿನ ರಟ್ಟನ್ನು ಗೆದ್ದಲು ತಿಂದು ಹೆಸರುಗಳೆಲ್ಲ ಹೋಗಿವೆ. ಅದರಲ್ಲಿ 34 ಜನರಿದ್ದಾರೆ. 19 ಜನರ ಹೆಸರು ಸಿಕ್ಕಿದೆ, ಇನ್ನು 15 ಬಾಕಿ. ಅವರನ್ನು ಗುರುತಿಸಬಲ್ಲವರಿಗೆ ಈಗ ಎಂಬತ್ತು ದಾಟಿದೆ.